ನೆತ್ತರಿನಲ್ಲಿ ಉಳಿದ ಗುರುತು

ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಅರುವತ್ತು ದಾಟಿದ ಯಾರನ್ನು ವಿಚಾರಿಸಿದರೂ ನಾರುಹುಣ್ಣಿನ ಹೆಸರು ಅವರಿಗೆ ಅಪರಿಚಿತವಾಗಿರಲಾರದು. ಮೆಟ್ಟಿಲಿಳಿದು ಕೊಡ ಮುಳುಗಿಸುವ ಬಾವಿಗಳೇ ಊರಿನ ಜೀವನಾಧಾರವಾಗಿದ್ದ ಕಾಲದಲ್ಲಿ, ಒಬ್ಬನ ಕಾಲಿನ ಹುಣ್ಣಿನಿಂದ ನೀರಿಗೆ ಬಿದ್ದ ಮರಿಗಳು ಸೈಕ್ಲಾಪ್ಸ್ ಎಂಬ ಅತಿಸಣ್ಣ ಜಲಚರದ ಒಡಲನ್ನು ಸೇರಿ, ಅದನ್ನು ನೀರಿನೊಡನೆ ಕುಡಿದವನ ದೇಹದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಗುಟ್ಟಾಗಿ ಬೆಳೆದು, ಕಡೆಗೊಂದು ದಿನ ಮೊಣಕಾಲಿನ ಕೆಳಗೆ ಉರಿಯುವ ಬೊಬ್ಬೆಯನ್ನೆಬ್ಬಿಸಿ, ಮೂರಡಿಯವರೆಗೂ ಉದ್ದವಾದ ಬಿಳಿಯ ಹುಳುವಾಗಿ ಹೊರಬರುತ್ತಿದ್ದವು. ಅದನ್ನು ಕಡ್ಡಿಗೆ ಸುತ್ತಿ, ತುಂಡಾಗದಂತೆ, ದಿನಕ್ಕೆ ಇಷ್ಟಿಷ್ಟೇ ಎಳೆದು ತೆಗೆಯುವುದರ ಹೊರತು ಬೇರೆ ಚಿಕಿತ್ಸೆಯಿರಲಿಲ್ಲ. ಹೊಲದ ಕೆಲಸ ಮುಗಿಬಿದ್ದಿರುವ ದಿನಗಳಲ್ಲಿಯೇ ಮನೆಯ ದುಡಿಯುವ ಕೈ ಹಾಸಿಗೆ ಹಿಡಿಯುತ್ತಿತ್ತು. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಆರಂಭವಾದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಮಂದಿ ಈ ವ್ಯಾಧಿಯಿಂದ ನರಳುತ್ತಿದ್ದರು. ಕರ್ನಾಟಕವು ರೋಗಪೀಡಿತ ರಾಜ್ಯಗಳ ಪಟ್ಟಿಯಲ್ಲಿತ್ತು. 1996ರಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಸಾರಿತು. ಲಸಿಕೆಯಿಲ್ಲದೆ, ಗುಳಿಗೆಯಿಲ್ಲದೆ, ಪ್ರಯೋಗಾಲಯವೆಂಬುದೊಂದರ ನೆರವೇ ಇಲ್ಲದೆ, ನೀರು ಸೋಸುವ ಬಟ್ಟೆ, ಬಾವಿಗೆ ಹಾಕುವ ಔಷಧ, ಕೊಳವೆಬಾವಿ ಮತ್ತು ಮನೆಯಿಂದ ಮನೆಗೆ ನಡೆದ ಆರೋಗ್ಯ ಕಾರ್ಯಕರ್ತರ ಕಾಲುಗಳು, ಇವಿಷ್ಟರಿಂದಲೇ ಈ ವಿಜಯವು ಸಾಧಿತವಾಯಿತೆಂಬುದನ್ನು ನಾವು ಯಾವಾಗಲೂ ಹೆಮ್ಮೆಯಿಂದ ನೆನೆಯಬೇಕು.

ಆದರೆ ಆ ವಿಜಯಕ್ಕೆ ಅನುಕೂಲವಾದ ಒಂದು ಸಂಗತಿಯನ್ನು ಮರೆಯಲಾಗದು. ನಾರುಹುಳುವು ತನ್ನ ಇರವನ್ನು ತಾನೇ ಪ್ರಕಟಪಡಿಸುತ್ತಿತ್ತು. ಅದು ಹೊರಬಂದ ಮನೆಯಲ್ಲಿ ಅದನ್ನು ಗುರುತಿಸಲು ವೈದ್ಯನೇ ಬೇಕಾಗಿರಲಿಲ್ಲ; ನೆರೆಮನೆಯ ಮಗುವೂ ಗುರುತಿಸಬಲ್ಲುದಾಗಿತ್ತು. ನಮ್ಮ ದೇಹವನ್ನು ಇನ್ನೂ ಆಶ್ರಯಿಸಿಕೊಂಡಿರುವ ಪರೋಪಜೀವಿ ಹುಳುಗಳಾದರೋ ಹಾಗಲ್ಲ. ಅವು ಕರುಳಿನಲ್ಲಿ, ದುಗ್ಧನಾಳಗಳಲ್ಲಿ, ಸ್ನಾಯುಗಳಲ್ಲಿ, ಕೆಲವೊಮ್ಮೆ ಮಿದುಳಿನಲ್ಲಿಯೇ ವರ್ಷಗಟ್ಟಲೆ ಅಡಗಿರಬಲ್ಲವು. ಅವುಗಳನ್ನು ಹುಡುಕುವ ಕಲೆಯಲ್ಲಿ ಈಗ ಒಂದು ಹೊಸ ಅಧ್ಯಾಯವು ತೆರೆಯುತ್ತಿದೆ: ಹುಳುವನ್ನಾಗಲಿ, ಅದರ ಮೊಟ್ಟೆಯನ್ನಾಗಲಿ ಕಣ್ಣಾರೆ ಕಾಣದೆ, ಅದು ನಮ್ಮ ನೆತ್ತರಿನಲ್ಲಿ ಬಿಟ್ಟುಹೋದ ಡಿಎನ್‌ಎಯ ಚೂರುಗಳಿಂದಲೇ ಅದರ ಇರವನ್ನು ನಿರ್ಣಯಿಸುವ ಪರೀಕ್ಷೆ. ಈ ಪರೀಕ್ಷೆಯು ಸಿಂಧನೂರು, ಲಿಂಗಸುಗೂರು, ಮಸ್ಕಿಯಂತಹ ತಾಲೂಕುಗಳಿಗೆ ಬರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದು ಯಾವ ಬಾಗಿಲಿನಿಂದ ಬರುತ್ತದೆ, ಯಾರ ಕೈಯಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅದರ ಪ್ರಯೋಜನವೆಲ್ಲವೂ ನಿಂತಿದೆ.

ನಮ್ಮಲ್ಲಿ ಈ ವಿಚಾರವನ್ನು ಆನೆಕಾಲು ರೋಗದಿಂದಲೇ ಆರಂಭಿಸುವುದು ಯುಕ್ತ. ಕರ್ನಾಟಕದ ಒಂಬತ್ತು ಜಿಲ್ಲೆಗಳು ಈ ರೋಗದ ನೆಲೆಗಳೆಂದು ಗುರುತಿಸಲ್ಪಟ್ಟಿವೆ. ಕರಾವಳಿಯ ಮೂರು ಜಿಲ್ಲೆಗಳನ್ನು ಬಿಟ್ಟರೆ ಉಳಿದವು ಬೀದರ, ಕಲಬುರಗಿ, ಯಾದಗಿರಿ, ವಿಜಯಪುರ, ಬಾಗಲಕೋಟೆ ಮತ್ತು ರಾಯಚೂರು. ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ಎಳೆಹುಳುವು ಇದಕ್ಕೆ ಕಾರಣ. ಕೊಚ್ಚೆನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯು ಅದರ ವಾಹಕ. ಪ್ರೌಢ ಹುಳುಗಳು ದುಗ್ಧನಾಳಗಳಲ್ಲಿ ಐದಾರು ವರ್ಷಗಳವರೆಗೂ ಬದುಕಿದ್ದು, ಲಕ್ಷಾಂತರ ಮರಿಗಳನ್ನು ರಕ್ತಕ್ಕೆ ಹರಿಯಬಿಡುತ್ತವೆ. ಮೈಕ್ರೋಫೈಲೇರಿಯಾ ಎಂದು ಕರೆಯಲ್ಪಡುವ ಈ ಮರಿಗಳನ್ನು 1872ರಲ್ಲಿ ಕಲ್ಕತ್ತೆಯಲ್ಲಿ ತಿಮೋತಿ ಲೂಯಿಸನು ಮಾನವರಕ್ತದಲ್ಲಿ ಕಂಡನು. ಐದು ವರ್ಷಗಳ ಬಳಿಕ ಚೀನದ ಅಮೋಯ್ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ನನು, ಸೊಳ್ಳೆಯ ಒಡಲಲ್ಲಿ ಅವು ಬೆಳೆಯುವುದನ್ನು ತೋರಿಸಿದನು. ರೋಗವನ್ನು ಒಬ್ಬರಿಂದೊಬ್ಬರಿಗೆ ಕೀಟವು ಸಾಗಿಸಬಲ್ಲುದೆಂಬ ತಿಳಿವಳಿಕೆಗೆ ಅಡಿಗಲ್ಲಾದುದು ಈ ಹುಳುವೇ.

ಮ್ಯಾನ್ಸನ್ನನೇ ಕಂಡುಕೊಂಡ ಇನ್ನೊಂದು ವಿಚಿತ್ರವು ನಮ್ಮ ಆರೋಗ್ಯ ಇಲಾಖೆಯ ಸಿಬ್ಬಂದಿಯನ್ನು ಇಂದಿಗೂ ರಾತ್ರಿಯಲ್ಲಿ ನಡೆಸುತ್ತಿದೆ. ಹಗಲೆಲ್ಲ ಶ್ವಾಸಕೋಶದ ಆಳದ ನಾಳಗಳಲ್ಲಿ ಅಡಗಿರುವ ಈ ಮರಿಗಳು, ಸೊಳ್ಳೆ ಕಚ್ಚುವ ಹೊತ್ತಾದ ನಡುರಾತ್ರಿಯ ಆಸುಪಾಸಿನಲ್ಲಿ ಮಾತ್ರ ಚರ್ಮದ ಸಮೀಪದ ರಕ್ತಕ್ಕೆ ಏರಿಬರುತ್ತವೆ. ಆದುದರಿಂದ ಪರೀಕ್ಷಕನೂ ಆ ಹೊತ್ತಿಗೇ ಹೋಗಬೇಕು. ರಾತ್ರಿ ರಕ್ತ ಲೇಪನ ಸಮೀಕ್ಷೆಯೆಂದು ಕಡತಗಳಲ್ಲಿ ದಾಖಲಾಗುವ ಈ ಕಾರ್ಯದ ಕಷ್ಟವನ್ನು ಕಡತವು ಹೇಳುವುದಿಲ್ಲ. ಭತ್ತದ ನಾಟಿಯ ದಿನಗಳಲ್ಲಿ ಸಿಂಧನೂರಿನ ಕ್ಯಾಂಪುಗಳಲ್ಲಿ ಹೊತ್ತು ಮೂಡುವ ಮೊದಲೇ ಎದ್ದು ಗದ್ದೆಗಿಳಿದ ಹೆಂಗಸರು, ರಾತ್ರಿ ಒಂಬತ್ತಕ್ಕೆ ಉಂಡು ಮಲಗಿದವರು, ಹತ್ತೂವರೆಗೆ ಬಾಗಿಲು ತಟ್ಟಿದ ಅಪರಿಚಿತನಿಗೆ ಬೆರಳು ಚಾಚಿ ರಕ್ತ ಕೊಡಬೇಕೆಂದರೆ, ಅವರಲ್ಲಿ ಎಷ್ಟು ಮಂದಿ ಒಪ್ಪಿಯಾರು? ಒಪ್ಪಿದರೂ ತೆಗೆಯುವ ರಕ್ತವು ಸುಮಾರು 20 ಘನ ಮಿಲಿಮೀಟರು, ಎಂದರೆ ಒಂದು ಸಣ್ಣ ಹನಿ. ಅದನ್ನು ಗಾಜಿನ ಮೇಲೆ ದಪ್ಪವಾಗಿ ಸವರಿ, ಒಣಗಿಸಿ, ಬಣ್ಣಕೊಟ್ಟು, ಮರುದಿನ ಸೂಕ್ಷ್ಮದರ್ಶಕದ ಕೆಳಗೆ ಅಂಗುಲಂಗುಲವಾಗಿ ಹುಡುಕುವ ತಂತ್ರಜ್ಞನ ಕಣ್ಣು ನೂರಾರು ಗಾಜುಗಳ ಬಳಿಕವೂ ದಣಿಯದಿರಬೇಕು. ಈ ಕೆಲಸವನ್ನು ದಶಕಗಳಿಂದ ಹೆಸರು ಬಯಸದೆ ಮಾಡಿಕೊಂಡು ಬಂದವರಿಗೆ ನಾಡು ಋಣಿಯಾಗಿರಬೇಕು; ಅವರ ಶ್ರಮವನ್ನು ಹಗುರವಾಗಿ ಕಾಣುವ ಮಾತು ಈ ಲೇಖನದಲ್ಲಿ ಎಲ್ಲಿಯೂ ಇಲ್ಲ.

ಹಾಗಿದ್ದರೆ ಸೂಕ್ಷ್ಮದರ್ಶಕದಿಂದ ತೃಪ್ತರಾಗಬಾರದೇಕೆ? ಇದಕ್ಕೆ ಉತ್ತರವು ಕಾರ್ಯಕ್ರಮದ ಯಶಸ್ಸಿನಲ್ಲಿಯೇ ಇದೆ. 1955ರಲ್ಲಿ ದೇಶದಲ್ಲಿ ಆನೆಕಾಲು ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. 2004ರಿಂದ ರೋಗವಿರುವ ಜಿಲ್ಲೆಗಳಲ್ಲಿ ಎಲ್ಲರಿಗೂ ವರ್ಷಕ್ಕೊಮ್ಮೆ ಡಿಇಸಿ ಮಾತ್ರೆಯನ್ನು, ಮುಂದೆ ಅದರೊಡನೆ ಆಲ್ಬೆಂಡಜೋಲನ್ನು ನುಂಗಿಸುವ ಸಾಮೂಹಿಕ ಕ್ರಮವು ಬಂದಿತು. ಕೃಷ್ಣೆಯ ಆಚೆಯ ದಡದ ಯಾದಗಿರಿ ಜಿಲ್ಲೆಯಲ್ಲಿ, ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನ ಕೇಂದ್ರದ ವಿಜ್ಞಾನಿಗಳು ಇವೆರಡಕ್ಕೆ ಐವರ್‌ಮೆಕ್ಟಿನನ್ನು ಸೇರಿಸಿದ ಮೂರು ಔಷಧಗಳ ಸುರಕ್ಷತೆಯನ್ನು ಸಾವಿರಾರು ಜನರಲ್ಲಿ ಪರೀಕ್ಷಿಸಿದರು. ದೇಶಕ್ಕೆಲ್ಲ ದಾರಿ ತೋರಿದ ಆ ಅಧ್ಯಯನವು ನಮ್ಮ ಸೀಮೆಯ ಜನರ ಸಹಕಾರದಿಂದ ನಡೆದುದೆಂಬುದು ನಮ್ಮಲ್ಲಿಯೇ ಬಹಳ ಜನಕ್ಕೆ ತಿಳಿಯದು. ಹೀಗೆ ವರ್ಷದಿಂದ ವರ್ಷಕ್ಕೆ ಗುಳಿಗೆ ನುಂಗಿಸಿದ ಫಲವಾಗಿ ರಕ್ತದಲ್ಲಿ ಮರಿಗಳ ಸಂಖ್ಯೆಯು ಕುಸಿಯುತ್ತದೆ. ಕುಸಿದಂತೆಲ್ಲ, ಆ ಒಂದು ಹನಿಯಲ್ಲಿ ಮರಿಯೊಂದು ಸಿಕ್ಕುವ ಸಂಭವವೂ ಕುಸಿಯುತ್ತದೆ. ರೋಗವು ಹೇರಳವಾಗಿದ್ದಾಗ ಸೂಕ್ಷ್ಮದರ್ಶಕವು ಸತ್ಯವನ್ನೇ ನುಡಿಯುತ್ತದೆ. ರೋಗವು ವಿರಳವಾದಾಗ, ಎಂದರೆ ಔಷಧವನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ನಿಶ್ಚಯಿಸಬೇಕಾದ ಅತ್ಯಂತ ಕ್ಲಿಷ್ಟವಾದ ಘಳಿಗೆಯಲ್ಲಿ, ಅದು ಮೌನ ತಾಳುತ್ತದೆ. ಆ ಮೌನವನ್ನು ರೋಗಮುಕ್ತಿಯೆಂದು ಭ್ರಮಿಸಿ ಗುಳಿಗೆಯನ್ನು ನಿಲ್ಲಿಸಿದರೆ, ಉಳಿದ ಕೆಲವೇ ಹುಳುಗಳಿಂದ ಸೊಳ್ಳೆಯು ಹತ್ತು ವರ್ಷಗಳಲ್ಲಿ ಮತ್ತೆ ಮೊದಲಿನ ಸ್ಥಿತಿಯನ್ನು ಕಟ್ಟಿಬಿಡಬಲ್ಲುದು. 2027ರೊಳಗೆ ಆನೆಕಾಲನ್ನು ನಿರ್ಮೂಲಗೊಳಿಸುವೆವೆಂದು ಕೇಂದ್ರ ಸರ್ಕಾರವು ಘೋಷಿಸಿದೆ. ಇಂತಹ ಗಡುವುಗಳು ಹಿಂದೆಯೂ ಬಂದು ಕಳೆದುಹೋಗಿವೆ.

ಬೆರಳಿನ ರಕ್ತದಲ್ಲಿ ಹುಳುವಿನ ಪ್ರತಿಜನಕವನ್ನು ಹಗಲಿನಲ್ಲಿಯೇ ಗುರುತಿಸುವ ಪಟ್ಟಿಗಳು ಈಗಾಗಲೇ ಬಳಕೆಯಲ್ಲಿವೆ. ಆರೇಳು ವರ್ಷದ ಶಾಲಾಮಕ್ಕಳಲ್ಲಿ ಸೋಂಕು ಹರಡುತ್ತಿದೆಯೇ ಎಂದು ನೋಡುವ ಸಮೀಕ್ಷೆಗಳಿಗೆ ಅವೇ ಆಧಾರ. ಅವು ತುಂಬ ಉಪಕಾರಿಗಳು. ಆದರೆ ಹುಳು ಸತ್ತ ಮೇಲೆಯೂ ಅದರ ಪ್ರತಿಜನಕವು ಬಹುಕಾಲ ರಕ್ತದಲ್ಲಿ ಉಳಿದಿರಬಹುದಾದುದರಿಂದ, ಗೆದ್ದ ಊರನ್ನೂ ಸೋತ ಊರೆಂದು ಅವು ತೋರಿಸುವ ಸಂಭವವಿದೆ. ಡಿಎನ್‌ಎ ಪರೀಕ್ಷೆಯು ಇಲ್ಲಿ ಪ್ರವೇಶಿಸುತ್ತದೆ.

ಅದರ ತತ್ತ್ವವು ಸಾಮಾನ್ಯ ವಾಚಕರಿಗೂ ದುರ್ಗಮವಲ್ಲ. ಪ್ರತಿಯೊಂದು ಜೀವಿಯ ಡಿಎನ್‌ಎಯಲ್ಲಿಯೂ ಆ ಜೀವಿಗೇ ವಿಶಿಷ್ಟವಾದ ಅಕ್ಷರಮಾಲೆಗಳಿರುತ್ತವೆ. ಕೆಲವು ಮಾಲೆಗಳು ಒಂದೇ ಜೀವಕೋಶದಲ್ಲಿ ನೂರಾರು, ಸಾವಿರಾರು ಸಲ ಪುನರಾವೃತ್ತವಾಗಿರುತ್ತವೆ. ಹುಳುಗಳ ಇಂತಹ ಪುನರಾವೃತ್ತ ಮಾಲೆಯೊಂದನ್ನು ಆರಿಸಿಕೊಂಡು, 1983ರಲ್ಲಿ ಕ್ಯಾರಿ ಮುಲ್ಲಿಸ್ ಕಂಡುಹಿಡಿದ ಪಿಸಿಆರ್ ವಿಧಾನದಿಂದ ಅದನ್ನು ಎರಡು, ನಾಲ್ಕು, ಎಂಟು ಎಂದು ದ್ವಿಗುಣಿಸುತ್ತ ಹೋದರೆ, ಮೂವತ್ತು ಆವರ್ತನಗಳಲ್ಲಿ ಒಂದು ಚೂರು ನೂರು ಕೋಟಿಯಷ್ಟಾಗಿ ಯಂತ್ರಕ್ಕೆ ಗೋಚರಿಸುತ್ತದೆ. ರಕ್ತದಲ್ಲಿ ಇಡೀ ಮರಿಯೇ ಇರಬೇಕೆಂದಿಲ್ಲ. ಸತ್ತ, ಒಡೆದ ಜೀವಕೋಶಗಳಿಂದ ಸೋರಿದ ಡಿಎನ್‌ಎಯ ತುಣುಕುಗಳು ಪ್ಲಾಸ್ಮಾದಲ್ಲಿ ತೇಲುತ್ತಿದ್ದರೂ ಸಾಕಾಗಬಹುದು. ರಕ್ತದ ದ್ರವಭಾಗದಲ್ಲಿ ಹೀಗೆ ಕೋಶದಿಂದ ಬೇರ್ಪಟ್ಟ ಡಿಎನ್‌ಎ ಇರುತ್ತದೆಂಬುದನ್ನು 1948ರಷ್ಟು ಹಿಂದೆಯೇ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ವರದಿ ಮಾಡಿದ್ದರು. ಗರ್ಭಸ್ಥ ಶಿಶುವಿನ ಡಿಎನ್‌ಎಯನ್ನು ತಾಯಿಯ ರಕ್ತದಲ್ಲಿ 1997ರಲ್ಲಿ ಗುರುತಿಸಿದ ಮೇಲೆ ಆ ಜ್ಞಾನಕ್ಕೆ ವೈದ್ಯಕೀಯದಲ್ಲಿ ಬೆಲೆ ಬಂದಿತು. ಹುಳುಗಳ ವಿಷಯದಲ್ಲಿ ಅದೇ ಮಾರ್ಗವನ್ನು ಈಗ ಅನುಸರಿಸಲಾಗುತ್ತಿದೆ.

ಇದರ ವಿಶೇಷವನ್ನು ಹೇಳಲು ಮಸ್ಕಿಯ ಬಂಡೆಗಿಂತ ಉತ್ತಮವಾದ ಉಪಮಾನವು ನನಗೆ ತೋರದು. ದೇಶದ ನಾನಾ ಮೂಲೆಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದಿನ ಶಾಸನಗಳು ದೊರೆತಿದ್ದರೂ ಆ ರಾಜನು ಯಾರೆಂಬುದು ಊಹೆಯ ವಿಷಯವಾಗಿಯೇ ಉಳಿದಿತ್ತು. 1915ರಲ್ಲಿ ಗಣಿ ಎಂಜಿನಿಯರನಾದ ಬೀಡನ್ ಎಂಬವನ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ ಸಂಶಯವೆಲ್ಲ ಪರಿಹಾರವಾಯಿತು. ಸೂಕ್ಷ್ಮದರ್ಶಕದಲ್ಲಿ ಕಾಣುವ ಕೊಕ್ಕೆಹುಳುವಿನ ಮೊಟ್ಟೆಯು ಬಿರುದನ್ನಷ್ಟೇ ಹೇಳುತ್ತದೆ: ಮನುಷ್ಯನಲ್ಲಿ ವಾಸಿಸುವ ಎರಡು ಮುಖ್ಯ ಜಾತಿಗಳ ಮೊಟ್ಟೆಗಳಲ್ಲಿ ಭೇದವೇ ಕಾಣದು. ಆದರೆ ಒಂದು ಜಾತಿಯ ಹುಳು ದಿನಕ್ಕೆ ಹೀರುವ ರಕ್ತವು ಇನ್ನೊಂದು ಜಾತಿಯ ಹುಳು ಹೀರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಡಿಎನ್‌ಎಯು ಹೆಸರನ್ನೇ ಓದಿ ಹೇಳುತ್ತದೆ.

ಇಷ್ಟು ಹೊಗಳಿದ ಮೇಲೆ ಮಿತಿಗಳನ್ನು ಹೇಳದಿರುವುದು ವಂಚನೆಯಾದೀತು. ಆನೆಕಾಲಿನ ಊತವು ಬಲಿತು, ಕಾಲು ಕಂಬದಷ್ಟಾದ ರೋಗಿಯ ರಕ್ತದಲ್ಲಿ ಅನೇಕ ವೇಳೆ ಮರಿಗಳೇ ಇರುವುದಿಲ್ಲ; ಹುಳುಗಳು ಎಂದೋ ಸತ್ತಿರುತ್ತವೆ, ನಾಳಗಳ ಹಾನಿ ಮಾತ್ರ ಶಾಶ್ವತವಾಗಿ ಉಳಿದಿರುತ್ತದೆ. ಅಂಥವನಿಗೆ ಈ ಪರೀಕ್ಷೆಯನ್ನು ಮಾಡಿದರೆ ಹುಳುವಿಲ್ಲವೆಂಬ ಫಲವೇ ಬರಬಹುದು. ಆ ಕಾಗದವನ್ನು ಕೈಗಿತ್ತು ನಿನಗೆ ರೋಗವಿಲ್ಲವೆಂದು ಕಳುಹಿಸುವ ವೈದ್ಯನು ವಿಜ್ಞಾನದ ಹೆಸರಿನಲ್ಲಿ ಅನ್ಯಾಯವನ್ನೆಸಗಿದಂತೆ. ಎದುರಿನ ಬದಿಯಲ್ಲಿ, ಬಸವನಹುಳುವಿನಿಂದ ಹರಡುವ ಶಿಸ್ಟೋಸೋಮ ರೋಗದಲ್ಲಿ ಚಿಕಿತ್ಸೆಯಾದ ತಿಂಗಳುಗಳ ಬಳಿಕವೂ ರಕ್ತದಲ್ಲಿ ಹುಳುವಿನ ಡಿಎನ್‌ಎ ಕಂಡುಬಂದುದುಂಟು. ಅಂಗಾಂಶಗಳಲ್ಲಿ ಸಿಕ್ಕಿಕೊಂಡ ಮೊಟ್ಟೆಗಳಿಂದ ಅದು ಸೋರುತ್ತಿರುತ್ತದೆಂದು ಊಹಿಸಲಾಗಿದೆ. ಈ ರೋಗವು ನಮ್ಮ ದೇಶದಲ್ಲಿ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ 1952ರಲ್ಲಿ ವರದಿಯಾದುದನ್ನು ಬಿಟ್ಟರೆ ಬೇರೂರಲಿಲ್ಲವೆಂಬುದು ನಮ್ಮ ಭಾಗ್ಯ. ಸೆನೆಗಾಲಿನಲ್ಲಿ 1986ರಲ್ಲಿ ನದಿಗೆ ಅಣೆಕಟ್ಟು ಕಟ್ಟಿ ಕಬ್ಬಿನ ಸೀಮೆಗೆ ನೀರು ಹರಿಸಿದ ಕೆಲವೇ ವರ್ಷಗಳಲ್ಲಿ ಇದು ಭೀಕರವಾಗಿ ಹಬ್ಬಿತೆಂಬುದನ್ನು ತುಂಗಭದ್ರಾ ಎಡದಂಡೆ ನಾಲೆಯಿಂದ ಬದುಕುವ ನಾವು ತಿಳಿದಿರುವುದು ಒಳ್ಳೆಯದು. ನೀರಾವರಿಯು ಬಂದ ನಾಡು ಅನ್ನವನ್ನು ಮಾತ್ರವಲ್ಲ, ಎಚ್ಚರವನ್ನೂ ಬೆಳೆಯಬೇಕಾಗುತ್ತದೆ.

ಇನ್ನು ಕರುಳಿನ ಹುಳುಗಳು. ಜಂತುಹುಳು, ಚಾಟಿಹುಳು, ಕೊಕ್ಕೆಹುಳು ಇವು ಮಣ್ಣಿನ ಮೂಲಕ ಹರಡುವಂಥವು. ಬಯಲಿನಲ್ಲಿ ಬಿದ್ದ ಮಲದಿಂದ ಹುಟ್ಟಿದ ಕೊಕ್ಕೆಹುಳುವಿನ ಮರಿಯು ಬರಿಗಾಲಿನ ಚರ್ಮವನ್ನೇ ಕೊರೆದು ದೇಹವನ್ನು ಹೊಕ್ಕು, ಕರುಳನ್ನು ಕಚ್ಚಿ ಹಿಡಿದು ರಕ್ತವನ್ನು ಹೀರುತ್ತದೆ. ಮೊದಲೇ ಕಬ್ಬಿಣಾಂಶವು ಸಾಲದ ಗರ್ಭಿಣಿಯ ಪಾಲಿಗೆ ಈ ಹೀರುವಿಕೆಯು ಸಣ್ಣ ವಿಷಯವಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಂತಹ ಗಣಿಗಳ ಜನರಿಗೆ ನೆನಪಿಸಬೇಕಾದ ಮಾತೆಂದರೆ, 1880ರ ಸುಮಾರಿಗೆ ಆಲ್ಪ್ಸ್ ಪರ್ವತದಲ್ಲಿ ಗೊಟ್ಟಾರ್ಡ್ ಸುರಂಗವನ್ನು ತೋಡುತ್ತಿದ್ದ ಕಾರ್ಮಿಕರನ್ನು ರಕ್ತಹೀನತೆಯಿಂದ ಕೆಡವಿದುದು ಇದೇ ಹುಳು. ನೆಲದಡಿಯ ತೇವ, ಬಿಸುಪು ಮತ್ತು ಶೌಚದ ಅವ್ಯವಸ್ಥೆಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಅದು ನೆಲೆಸುತ್ತದೆ.

ಈ ಹುಳುಗಳ ಪರೀಕ್ಷೆಯನ್ನು ಮಲದಲ್ಲಿ ಮಾಡುವುದೇ ರೂಢಿ. ಕಾಟೊ-ಕಾಟ್ಜ್ ವಿಧಾನದಲ್ಲಿ ನೋಡುವ ಮಲವು ಕೇವಲ 41.7 ಮಿಲಿಗ್ರಾಂ, ಕೊಕ್ಕೆಹುಳುವಿನ ಮೊಟ್ಟೆಯಾದರೋ ಗಾಜಿನ ಮೇಲೆ ಒಂದು ಗಂಟೆಯೊಳಗೆ ಕರಗಿ ಕಾಣದಂತಾಗುತ್ತದೆ. ಮಲವನ್ನು ಡಬ್ಬಿಯಲ್ಲಿ ತಂದುಕೊಡೆಂದರೆ ನಮ್ಮ ಹೆಂಗಸರು ನಾಚುತ್ತಾರೆ, ಗಂಡಸರು ಮರೆಯುತ್ತಾರೆ. ಹಾಗಾಗಿ ಒಂದು ಹನಿ ರಕ್ತದಲ್ಲಿ ಎಲ್ಲವೂ ತಿಳಿಯುವುದಾದರೆ ಎಷ್ಟು ಸುಲಭವೆಂಬ ಆಸೆಯು ಸಹಜವಾದುದೇ. ಆದರೆ ಕರುಳಿನ ಪೊಳ್ಳಿನಲ್ಲಿ ಬದುಕುವ ಹುಳುವಿನ ಡಿಎನ್‌ಎಯು ರಕ್ತಕ್ಕೆ ಎಷ್ಟು ಇಳಿಯುತ್ತದೆ, ನಂಬುವಷ್ಟು ಇಳಿಯುತ್ತದೆಯೇ ಎಂಬುದು ಇನ್ನೂ ಸಂಶೋಧನೆಯ ಹಂತದಲ್ಲಿರುವ ಪ್ರಶ್ನೆ. ಸದ್ಯಕ್ಕೆ ಈ ಹುಳುಗಳ ಮಟ್ಟಿಗೆ ಮಲದ ಡಿಎನ್‌ಎ ಪರೀಕ್ಷೆಯೇ ಭರವಸೆಯದು. ತಮಿಳುನಾಡಿನ ವೆಲ್ಲೂರು ಮತ್ತು ಜವ್ವಾದು ಬೆಟ್ಟಗಳಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಪಾಲ್ಗೊಂಡ ದೊಡ್ಡ ಅಧ್ಯಯನದಲ್ಲಿ ಅದನ್ನೇ ಬಳಸಲಾಯಿತು. ರಕ್ತವೇ ಸರ್ವಸ್ವವೆಂದು ಸಾರುವ ಜಾಹೀರಾತು ಬಂದಾಗ ವಾಚಕರು ಈ ಮಾತನ್ನು ಜ್ಞಾಪಿಸಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ.

ಜಾಹೀರಾತು ಬರುವುದರಲ್ಲಿ ನನಗೆ ಸಂದೇಹವಿಲ್ಲ. ನಮ್ಮ ತಾಲೂಕು ಪಟ್ಟಣಗಳ ಮುಖ್ಯರಸ್ತೆಗಳಲ್ಲಿ ಲ್ಯಾಬುಗಳು ಹೆಚ್ಚುತ್ತಿವೆ. ಇಡೀ ದೇಹದ ತಪಾಸಣೆಯೆಂಬ ಪ್ಯಾಕೇಜುಗಳಿಗೆ ಕೂಲಿಕಾರನೂ ಸಾಲ ಮಾಡಿ ಹಣ ಕೊಡುತ್ತಿದ್ದಾನೆ. ಅದರಲ್ಲಿ ಹುಳುವಿನ ಡಿಎನ್‌ಎ ಪರೀಕ್ಷೆಯೂ ಒಂದು ಸಾಲಾಗಿ ಸೇರಿ ಸಾವಿರಾರು ರೂಪಾಯಿಗಳ ಬಿಲ್ಲಾಗುವ ದಿನವು ದೂರವಿಲ್ಲ. ಅದು ನ್ಯಾಯವಲ್ಲ. ಸಾಮಾನ್ಯ ಜಂತುಹುಳುವಿಗೆ 400 ಮಿಲಿಗ್ರಾಮಿನ ಒಂದು ಆಲ್ಬೆಂಡಜೋಲ್ ಮಾತ್ರೆ ಸಾಕು. ಅದು ಕೆಲವೇ ರೂಪಾಯಿಗಳದು. 2015ರಿಂದ ನಡೆದುಬಂದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದವರಿಗೆಲ್ಲ ಅದನ್ನು ಪರೀಕ್ಷೆಯಿಲ್ಲದೆಯೇ, ಉಚಿತವಾಗಿ ಕೊಡಲಾಗುತ್ತಿದೆ. ಮತ್ತು ಹಾಗೆ ಕೊಡುವುದೇ ಸರಿ. ಔಷಧಕ್ಕಿಂತ ನೂರಾರು ಪಟ್ಟು ದುಬಾರಿಯಾದ ಪರೀಕ್ಷೆಯನ್ನು ಬಡವನ ಮೇಲೆ ಹೇರುವುದು ವೈದ್ಯವಲ್ಲ, ವ್ಯಾಪಾರ.

ವ್ಯಕ್ತಿಗೆ ಈ ಪರೀಕ್ಷೆಯು ನಿಜವಾಗಿ ಬೇಕಾಗುವ ಸಂದರ್ಭಗಳು ಕೆಲವುಂಟು. ದೇಹದೊಳಗೇ ತನ್ನ ಸಂತತಿಯನ್ನು ಬೆಳೆಸಬಲ್ಲ ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳುವಿರುವವನಿಗೆ ಉಬ್ಬಸಕ್ಕೋ ಮತ್ತೊಂದಕ್ಕೋ ಸ್ಟೀರಾಯ್ಡ್ ಕೊಟ್ಟರೆ, ಅದು ಮಿತಿಮೀರಿ ಹೆಚ್ಚಿ ಪ್ರಾಣವನ್ನೇ ತೆಗೆಯಬಹುದು. ಲಾಡಿಹುಳುವಿನ ಮೊಟ್ಟೆಯು ಹೊಲಸಿನಿಂದ ಆಹಾರವನ್ನು ಸೇರಿ, ಅದರ ಮರಿಯು ಮಿದುಳಿನಲ್ಲಿ ಗೂಡುಕಟ್ಟಿದರೆ ಮೂರ್ಛೆರೋಗ ಬರುತ್ತದೆ. ಹಂದಿಯ ಮಾಂಸವನ್ನೆಂದೂ ತಿನ್ನದ ಶಾಕಾಹಾರಿಗೂ ಇದು ತಪ್ಪಿದ್ದಲ್ಲ. ಮೂರ್ಛೆ ಬಂದ ಮಗುವನ್ನು ದೇವರ ಗುಡಿಗೆ, ಆಮೇಲೆ ರಾಯಚೂರಿಗೆ, ಕಡೆಗೆ ಬೆಂಗಳೂರಿನ ನಿಮ್ಹಾನ್ಸಿಗೆ ಹೊತ್ತೊಯ್ಯುವ ತಂದೆತಾಯಿಗಳ ಅಲೆದಾಟವು ನಮ್ಮ ಸೀಮೆಯಲ್ಲಿ ಪರಿಚಿತವಾದುದು. ಇಲ್ಲಿ ಸ್ಕ್ಯಾನಿನ ಸ್ಥಾನವನ್ನು ರಕ್ತದ ಪರೀಕ್ಷೆಯು ಇನ್ನೂ ಆಕ್ರಮಿಸಿಲ್ಲವಾದರೂ, ಯಾರನ್ನು ಸ್ಕ್ಯಾನಿಗೆ ಕಳುಹಿಸಬೇಕೆಂಬುದನ್ನು ತಾಲೂಕು ದವಾಖಾನೆಯಲ್ಲಿಯೇ ಹೇಳಬಲ್ಲ ಒಂದು ವಿಶ್ವಾಸಾರ್ಹ ಪರೀಕ್ಷೆ ಬಂದರೆ ಎಷ್ಟೋ ಮನೆಗಳು ಉಳಿದಾವು.

ಆದರೆ ಈ ವಿದ್ಯೆಯ ಮುಖ್ಯವಾದ ಸ್ಥಾನವು ಸಮುದಾಯದ ಕಾವಲಿನಲ್ಲಿದೆ. ಗುಳಿಗೆಯನ್ನು ಎಂದು ನಿಲ್ಲಿಸಬಹುದು, ನಿಲ್ಲಿಸಿದ ಮೇಲೆ ಹುಳುವು ಮರಳಿ ಬರುತ್ತಿದೆಯೇ, ಗುಳಿಗೆಗೆ ಅದು ಬಗ್ಗುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರಿಸುವುದು ಅದರ ನಿಜವಾದ ಕಾರ್ಯ. ಕೊನೆಯ ಪ್ರಶ್ನೆಗೆ ನಮ್ಮ ಕುರಿಗಾರರು ಸಾಕ್ಷಿ ನುಡಿಯಬಲ್ಲರು. ಕುರಿಗಳ ಹೊಟ್ಟೆಯಲ್ಲಿ ರಕ್ತ ಹೀರುವ ಹುಳುವಿಗೆ ಆಲ್ಬೆಂಡಜೋಲಿನ ಬಳಗದ ಔಷಧಗಳನ್ನು ಮತ್ತೆ ಮತ್ತೆ ಕುಡಿಸಿದುದರಿಂದ, ಅದು ಎಷ್ಟೋ ದೇಶಗಳಲ್ಲಿ ಆ ಔಷಧಕ್ಕೆ ಸೊಪ್ಪು ಹಾಕದಂತಾಗಿದೆ. ಬೀಟಾ-ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ 200ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲವು ಬದಲಾದರೆ ಇಷ್ಟು ಅನರ್ಥ ಸಂಭವಿಸುತ್ತದೆಂದು ತಿಳಿದುಬಂದಿದೆ. ಅದೇ ಬಳಗದ ಮಾತ್ರೆಯನ್ನು ನಾವು ಕೋಟ್ಯಂತರ ಮಕ್ಕಳಿಗೆ ಪ್ರತಿವರ್ಷವೂ ಕೊಡುತ್ತಿದ್ದೇವೆ. ಮನುಷ್ಯರ ಹುಳುಗಳಲ್ಲಿಯೂ ಅಂತಹ ಬದಲಾವಣೆಯು ತಲೆದೋರುತ್ತಿದೆಯೇ ಎಂಬುದನ್ನು ಗುಳಿಗೆಯು ಸೋಲುವ ಮುನ್ನವೇ ಹೇಳಬಲ್ಲುದು ಡಿಎನ್‌ಎ ಒಂದೇ.

ಇದಕ್ಕೆ ಬೇಕಾದ ಯಂತ್ರಗಳೆಲ್ಲಿಂದ ಬರಬೇಕೆಂದು ಕೇಳುವವರಿಗೆ, ಅವು ಆಗಲೇ ಬಂದಿವೆಯೆಂದು ಹೇಳಬೇಕಾಗಿದೆ. 2020ರ ಕೋವಿಡ್ ಮಾರಿಯ ಕಾಲದಲ್ಲಿ ಜಿಲ್ಲಾಕೇಂದ್ರಗಳಲ್ಲಿ ಪಿಸಿಆರ್ ಪ್ರಯೋಗಾಲಯಗಳು ತಲೆಯೆತ್ತಿದವು. ಕ್ಷಯರೋಗದ ಪರೀಕ್ಷೆಗಾಗಿ ಬೆಂಗಳೂರಿನ ವಿಜ್ಞಾನಿಗಳೇ ರೂಪಿಸಿದ, ಬ್ಯಾಟರಿಯಿಂದ ನಡೆಯುವ ಟ್ರೂನಾಟ್ ಎಂಬ ಪುಟ್ಟ ಯಂತ್ರವು ದೇಶದ ಸಣ್ಣ ಸಣ್ಣ ಆಸ್ಪತ್ರೆಗಳನ್ನೂ ತಲುಪಿದೆ. ಆ ಮಾರಿಯ ಭಯವಡಗಿದ ಮೇಲೆ ಅಂತಹ ಯಂತ್ರಗಳು ಧೂಳು ಹಿಡಿಯಬಾರದು. ತರಬೇತಾದ ತಂತ್ರಜ್ಞರು ಗುತ್ತಿಗೆ ಮುಗಿಯಿತೆಂದು ಚದುರಿಹೋಗಬಾರದು. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಜನರು ಎಡೆಬಿಡದೆ ಧರಣಿ ಕುಳಿತುದನ್ನು ನಾಡೆಲ್ಲ ಕಂಡಿದೆ. ಆ ಬೇಡಿಕೆಯು ಸಂಪೂರ್ಣವಾಗಿ ನ್ಯಾಯಸಮ್ಮತವಾದುದು. ಅದು ಈಡೇರುವವರೆಗೆ ಕಾಯದೆ, ಇರುವ ಜಿಲ್ಲಾ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿಯೇ ಹುಳುಗಳ ಡಿಎನ್‌ಎ ಪರೀಕ್ಷೆಗೆ ಒಂದು ಮೇಜನ್ನು, ಇಬ್ಬರು ತಂತ್ರಜ್ಞರನ್ನು, ವರ್ಷಪೂರ್ತಿ ಸಾಲುವಷ್ಟು ರಾಸಾಯನಿಕಗಳನ್ನು ಒದಗಿಸಿಕೊಡಿರೆಂದು ಕೇಳುವುದು ಅದಕ್ಕೆ ವಿರುದ್ಧವಲ್ಲ, ಪೂರಕ.

ಮೂರು ತಾಲೂಕುಗಳು ಈ ಕಾವಲಿಗೆ ಹೇಳಿಮಾಡಿಸಿದಂತಿವೆ. ಸಿಂಧನೂರಿನಲ್ಲಿ ನಾಲೆಯ ನೀರು, ವರ್ಷಕ್ಕೆರಡು ಭತ್ತದ ಬೆಳೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು. ಮಸ್ಕಿಯಲ್ಲಿ ನಾಲೆಯ ಕೊನೆಯಂಚಿಗೆ ನೀರು ತಲುಪದೆ ಮಳೆಯನ್ನೇ ನಂಬಿದ ಎರೆಭೂಮಿ. ಲಿಂಗಸುಗೂರಿನಲ್ಲಿ ಗಣಿ, ಕುರಿಹಟ್ಟಿ, ಕೃಷ್ಣೆಯ ನಡುಗಡ್ಡೆಗಳು, ತಾಂಡಾಗಳು. ಇವುಗಳ ನಡುವೆ ಜನರು ನಿರಂತರವಾಗಿ ಚಲಿಸುತ್ತಾರೆ. ಒಣ ಹಳ್ಳಿಗಳವರು ನಾಟಿಗೆ ಸಿಂಧನೂರಿಗೆ ಬರುತ್ತಾರೆ. ಸುಗ್ಗಿ ಮುಗಿದರೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತಾರೆ. ಗುಳಿಗೆ ನುಂಗಿಸುವ ದಿನ ಬಾಗಿಲಿಗೆ ಬೀಗವಿದ್ದ ಮನೆಯು ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ. ಹುಳುವು ಉಳಿಯುವುದು ಆ ಮನೆಯವರ ನೆತ್ತರಿನಲ್ಲಿಯೇ. ಆದಕಾರಣ ಸಮೀಕ್ಷೆಗೆ ಹಳ್ಳಿಗಳನ್ನು ಆರಿಸುವವರು ವಿಳಾಸವುಳ್ಳವರ ಬೀದಿಗಳಲ್ಲಷ್ಟೇ ನಿಲ್ಲದೆ, ಗುಳೆಯಿಂದ ಮರಳುವ ಹಂಗಾಮಿನಲ್ಲಿ, ಬಸ್‌ನಿಲ್ದಾಣದ ಸಮೀಪದ ಶಿಬಿರಗಳಲ್ಲಿ, ಕ್ಯಾಂಪುಗಳ ಕೂಲಿಕಾರರ ಗುಡಿಸಲುಗಳಲ್ಲಿ ರಕ್ತವನ್ನು ಸಂಗ್ರಹಿಸಬೇಕು. ಮನುಷ್ಯರಷ್ಟೇ ಸಾಲದು, ಚರಂಡಿಯ ಬದಿಯಲ್ಲಿ ಹಿಡಿದ ಸೊಳ್ಳೆಗಳನ್ನು ಗುಂಪುಗುಂಪಾಗಿ ಅರೆದು ಅವುಗಳಲ್ಲಿ ಹುಳುವಿನ ಡಿಎನ್‌ಎ ಇದೆಯೇ ಎಂದು ನೋಡುವ ವಿಧಾನವು ಈಗಾಗಲೇ ಬಳಕೆಯಲ್ಲಿದೆ. ಯಾರ ನಿದ್ದೆಯನ್ನೂ ಕೆಡಿಸದೆ, ಯಾರ ಬೆರಳನ್ನೂ ಚುಚ್ಚದೆ ಊರಿನ ಸ್ಥಿತಿಯನ್ನು ಅರಿಯುವ ಇಂತಹ ಉಪಾಯವನ್ನು ಇಲ್ಲಿ ಮೊದಲು ಬಳಸಬೇಕಾಗಿತ್ತು.

ಒಂದು ಕಟ್ಟಳೆಯನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬಾರದು. ರಕ್ತ ಕೊಟ್ಟವನಿಗೆ ಅದರ ಫಲವು ಅವನ ಭಾಷೆಯಲ್ಲಿ, ಅವನ ಮನೆಯ ಬಾಗಿಲಿನಲ್ಲಿ, ಗುಟ್ಟು ಬಯಲಾಗದ ರೀತಿಯಲ್ಲಿ ತಿಳಿಯಬೇಕು. ಹುಳುವಿದ್ದರೆ ಔಷಧವು ಅದೇ ವಾರ ಕೈಸೇರಬೇಕು. ಬಡವರ ಊರುಗಳಿಂದ ಮಾದರಿಗಳು ದೂರದ ಪ್ರಯೋಗಾಲಯಗಳಿಗೆ ಹೋಗಿ, ಅಲ್ಲಿ ಪ್ರಬಂಧಗಳಾಗಿ ಪ್ರಕಟವಾಗಿ, ಆ ಊರಿಗೆ ಒಂದು ಸಾಲಿನ ಸುದ್ದಿಯೂ ಮರಳದಿರುವ ಪದ್ಧತಿಯು ಜಗತ್ತಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದು ಇಲ್ಲಿ ನಡೆಯಕೂಡದು. ಹಾಗೆಯೇ, ಪರೀಕ್ಷೆಯ ಫಲ ಏನೇ ಇರಲಿ, ಕಾಲು ಊದಿದವನಿಗೆ ದಿನವೂ ಕಾಲು ತೊಳೆದು ಒರೆಸಿ ಮುಲಾಮು ಹಚ್ಚುವ ಸಾಮಗ್ರಿ ಮತ್ತು ಅದನ್ನು ಕಲಿಸುವ ನರ್ಸು, ಹೈಡ್ರೋಸಿಲಿನಿಂದ ನಾಚಿ ಮೂಲೆ ಸೇರಿದ ಗಂಡಸಿಗೆ ತಾಲೂಕು ಆಸ್ಪತ್ರೆಯಲ್ಲಿಯೇ ಉಚಿತ ಶಸ್ತ್ರಚಿಕಿತ್ಸೆ, ಇವು ಸಿಗಲೇಬೇಕು. ಅವರ ಸಂಖ್ಯೆಯನ್ನು ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಬಲ್ಲರು. ಜಿಲ್ಲಾಡಳಿತವು ಮುಂದಿನ ಗುಳಿಗೆಯ ಸುತ್ತು ಆರಂಭವಾಗುವ ಮೊದಲು ಮೂರೂ ತಾಲೂಕುಗಳ ಆ ಪಟ್ಟಿಯನ್ನು ತರಿಸಿಕೊಂಡು, ಶಸ್ತ್ರಚಿಕಿತ್ಸೆಯ ದಿನಾಂಕಗಳನ್ನು ಗೊತ್ತುಪಡಿಸಿ, ಡಿಎನ್‌ಎ ಪರೀಕ್ಷೆಯ ಪ್ರಸ್ತಾವನೆಯನ್ನು ಅದರ ಜೊತೆಯಲ್ಲಿಯೇ ಸರ್ಕಾರಕ್ಕೆ ಕಳುಹಿಸಲಿ.